ಕಿವಿಯ ಗುಗ್ಗೆ ಅಂದುಕೊಂಡು ಮೂರು ತಿಂಗಳು ಕಳೆದೆ

ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಬಟ್ಟೆ ಅಂಗಡಿ. ಹೋದ ಶ್ರಾವಣದಲ್ಲಿ ಎಡಗಿವಿಗೆ ಫೋನ್ ಇಟ್ಟರೆ ಮಾತು ಒಡೆದು ಕೇಳುತ್ತಿತ್ತು. ಫೋನೇ ಕೆಟ್ಟಿದೆ ಅಂತ ಬಲಗಿವಿಗೆ ಇಟ್ಟುಕೊಳ್ಳತೊಡಗಿದೆ. ಹದಿನೈದು ದಿನಕ್ಕೆ ಅದೂ ಮಂದವಾಯಿತು. ರಾತ್ರಿಯೆಲ್ಲ ಗುಂಯ್ ಅನ್ನುವ ಸದ್ದು ಬೇರೆ.

ಔಷಧಿ ಅಂಗಡಿಯವರು ಡ್ರಾಪ್ಸ್ ಕೊಟ್ಟರು. ಅವ್ವ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟಳು. ಒಬ್ಬ ಡಾಕ್ಟರು ನೀರು ಹೊಡೆದು ಗುಗ್ಗೆ ತೆಗೆದರು. ಗುಗ್ಗೆ ಬಂತು, ಕಿವಿ ಬರಲಿಲ್ಲ. ಆಮೇಲೆ ತಲೆಸುತ್ತು ಶುರುವಾಯಿತು. ಚಿಗರಿ ಬಸ್ ಇಳಿದು ನಿಂತರೆ ನೆಲವೇ ವಾಲಿದ ಹಾಗೆ. ಇನ್ನೊಬ್ಬರು ಕತ್ತಿನ ಎಲುಬು ಸವೆದಿದೆ ಎಂದು ಕಾಲರ್ ಹಾಕಿಸಿ, ತಲೆಸುತ್ತಿನ ಮಾತ್ರೆ ಬರೆದರು. ಎರಡು ತಿಂಗಳು ಅದನ್ನೇ ನುಂಗಿದೆ. ಅಂಗಡಿಯಲ್ಲಿ ಕೇಳಿಸದಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದೆ. ‘ನೂರು ರೂಪಾಯಿ ಬಿಡ್ರೀ ಅಕ್ಕಾರ’ ಅಂದದ್ದಕ್ಕೂ ಹೂಂ ಅಂದಿದ್ದೇನೆ!

ಕೊನೆಗೆ ಧಾರವಾಡದ ಒಬ್ಬ ಕಿವಿ ಡಾಕ್ಟರು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿದರು. ಅರ್ಧ ಗಂಟೆಯ ಕೆಲಸ. ಅದುವರೆಗೆ ಯಾರೂ ಮಾಡಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಕಣ್ಣು ಕೆಂಪಾಗುತ್ತದಾ, ಕೀಲು ನೋಯುತ್ತದಾ ಅಂತಲೂ ವಿಚಾರಿಸಿದರು. ಕಿವಿಗೂ ಕಣ್ಣಿಗೂ ಏನು ಸಂಬಂಧ ಅಂದುಕೊಂಡೆ. ಸಂಬಂಧ ಇದೆಯಂತೆ. ಕೋಗನ್ ಸಿಂಡ್ರೋಮ್ ಅನ್ನುವ ಕಾಯಿಲೆ ಎರಡನ್ನೂ ಹಿಡಿಯುತ್ತದೆ. ನನ್ನದು ಅದಲ್ಲ, ಆದರೆ ಅದರ ಜಾತಿಯದೇ, ಆಟೋಇಮ್ಯೂನ್ ಇನ್ನರ್ ಇಯರ್ ಡಿಸೀಸ್ ಅಂತ ಹೆಸರು. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿಯೇ ಒಳಗಿವಿಯ ಮೇಲೆ ತಿರುಗಿ ಬೀಳುವುದು. ಕೇಳುವುದೂ ಮೈ ವಾಲದಂತೆ ಸಮತೋಲ ಕಾಯುವುದೂ ಒಳಗಿವಿಯ ಕೆಲಸ, ಅದಕ್ಕೇ ತಲೆಸುತ್ತು. 1979ರಲ್ಲಿ ಮೆಕೇಬ್ ಎಂಬ ಅಮೆರಿಕದ ವೈದ್ಯರು ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿದರಂತೆ. ಇದೇ ಅಂತ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಗಡ್ಡೆ ಏನಾದರೂ ಇದೆಯಾ ಅಂತ ಎಂಆರ್‌ಐ ಮಾಡಿಸಿದರು. ಆಮೇಲೆ ಆ ತಿರುಗಿಬಿದ್ದ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 60 ಮಿಲಿಗ್ರಾಂ ಕೊಟ್ಟು, ಕಿವಿ ಸುಧಾರಿಸುತ್ತದಾ ನೋಡಿದರು.

ಬಲಗಿವಿ ಬಹುಪಾಲು ಬಂತು. ಎಡಗಿವಿಗೆ ಈಗ ಕೇಳಿಸುವ ಮಷಿನ್. ‘ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತೇನೋ’ ಅಂದರು ಡಾಕ್ಟರು.

ವಾರಗಳಲ್ಲಿ ಎರಡೂ ಕಿವಿ ಮಂದವಾದರೆ ಎಣ್ಣೆ, ಡ್ರಾಪ್ಸ್ ಅಂತ ಕೂರಬೇಡಿ, ಆಡಿಯೋಗ್ರಾಮ್ ಕೇಳಿ ಮಾಡಿಸಿಕೊಳ್ಳಿ. ಎರಡು ಮೂರು ದಿನದಲ್ಲೇ ಒಂದು ಕಿವಿ ಹೋದರಂತೂ ಅದೇ ದಿನ ಓಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಸ್ಟೀರಾಯ್ಡ್‌ಗೆ ಸಕ್ಕರೆ ಏರುತ್ತದೆ. ಮತ್ತೆ, ನನ್ನ ಹಾಗೆ ಮಾತ್ರೆಯನ್ನು ನಡುವೆ ಬಿಡಬೇಡಿ. ಮುಖ ಊದಿದೆ, ತಂಗಿ ಮಗಳ ಮದುವೆ ಫೋಟೋ ಚೆನ್ನಾಗಿ ಬರಲ್ಲ ಅಂತ ನಾಲ್ಕು ದಿನ ಬಿಟ್ಟೆ. ಮದುವೆ ದಿನ ಏಳಲಾರದಷ್ಟು ಸುಸ್ತು. ಅಕ್ಷತೆ ಹಾಕುವಾಗ ವಾಲಗವೇ ದೂರದಲ್ಲೆಲ್ಲೋ ಕೇಳಿದಂತಿತ್ತು.