ಸುಡೋದಾ, ಹೂಳೋದಾ, ದೇಹದಾನವಾ?

ಸಾವಿನ ಮಾತು ಎತ್ತಿದರೆ ಮನೆಯಲ್ಲಿ "ಬಿಡ್ತು ಅನ್ನು" ಅಂತಾರೆ. ಆದರೂ ಬದುಕಿದ್ದಾಗಲೇ ಹೇಳಿಡಬೇಕು, ಅಲ್ವಾ?

ಮಲೆನಾಡಿನಲ್ಲಿ ಸುಡುವುದಾದರೆ ಮೊದಲ ತಲೆಬಿಸಿ ಮಳೆ. ಆಷಾಢದಲ್ಲಿ ಒಣ ಸೌದೆ ಎಲ್ಲಿಂದ ತರುತ್ತೀರಿ? ನಮ್ಮಜ್ಜ ತನಗೆ ಅಂತಲೇ ಮಾವಿನ ಸೌದೆ ಒಟ್ಟಿಟ್ಟಿದ್ದರು, ಅಜ್ಜಿ ಅದನ್ನು ಸುಮ್ನೆ ಬಚ್ಚಲೊಲೆಗೆ ಉರಿಸಿ ಮುಗಿಸಿದರು.

ಹೂಳಲು ಸೌದೆಯ ಚಿಂತೆ ಇಲ್ಲ. ಲಿಂಗಾಯತರು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಹಾಕಿ ಸಮಾಧಿ ಮಾಡುತ್ತಾರೆ. ಮುಸ್ಲಿಮರು ಸ್ನಾನ ಮಾಡಿಸಿ, ಬಿಳಿ ಕಫನ್ ಬಟ್ಟೆ ಸುತ್ತಿ, ಜನಾಜಾ ನಮಾಜ್ (ಸತ್ತವರಿಗಾಗಿ ಮಾಡುವ ಪ್ರಾರ್ಥನೆ) ಮುಗಿಸಿ ಆದಷ್ಟು ಬೇಗ ದಫನ್ ಮಾಡುತ್ತಾರೆ.

ದೇಹದಾನಕ್ಕೆ ವೈದ್ಯಕೀಯ ಕಾಲೇಜಿನ ಅನಾಟಮಿ (ಅಂಗರಚನಾ) ವಿಭಾಗದಲ್ಲಿ ಫಾರ್ಮ್ ತುಂಬಬೇಕು. ಆದರೆ ಮಕ್ಕಳು ಒಪ್ಪದಿದ್ದರೆ ಅದು ಬರೀ ಕಾಗದ. ಪೋಸ್ಟ್‌ಮಾರ್ಟಂ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ತೀರ್ಥಹಳ್ಳಿ ಆಚೆಯ ಒಂಟಿಮನೆಯಿಂದ ಶಿವಮೊಗ್ಗಕ್ಕೆ ಸಾಗಿಸುವವರು ಯಾರು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಇದಕ್ಕಿಂತ ನೇತ್ರದಾನ ಸುಲಭ: ಸತ್ತ ಸುಮಾರು 6 ಗಂಟೆಯೊಳಗೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಗೆದರಾಯಿತು, ಆಮೇಲೆ ಸುಡಿ, ಹೂಳಿ, ನಿಮ್ಮಿಷ್ಟ.

ನಾನು ನೇತ್ರದಾನವನ್ನೇ ಆರಿಸಿದ್ದೇನೆ. ಹೆಂಡತಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.