ಲವ್ 2ಡಿ: ಎಂಜಿನ್ ಕಟ್ಟಿಕೊಳ್ಳುವ ಕೆಲಸ ನಿಮ್ಮದೇ

ಲವ್ 2ಡಿ ಎಂಬುದು ಲುವಾ ಭಾಷೆಯಲ್ಲಿ ಗೇಮ್ ಬರೆಯಲು ಇರುವ ಸಿದ್ಧ ಕೋಡಿನ ಚೌಕಟ್ಟು. ಇದರಲ್ಲಿ ಎಡಿಟರ್ ಇಲ್ಲ, ಎಳೆದು ತಂದು ಕೂರಿಸುವ ಪ್ಯಾನೆಲ್‌ಗಳೂ ಇಲ್ಲ. ಒಂದು ಫೋಲ್ಡರ್‌ನಲ್ಲಿ ಮೇನ್.ಲುವಾ (main.lua) ಫೈಲ್ ಇಟ್ಟು, ಆ ಫೋಲ್ಡರನ್ನು ಲವ್ ಪ್ರೋಗ್ರಾಮಿಗೆ ಕೊಟ್ಟರೆ ಗೇಮ್ ಶುರು. ಗೊಡೊ ಅಥವಾ ಯೂನಿಟಿಯಂಥ ಗೇಮ್ ಎಂಜಿನ್ನುಗಳಿಂದ ಬಂದವರಿಗೆ ಮೊದಲಿಗೆ ಏನೂ ಇಲ್ಲವಲ್ಲ ಅನ್ನಿಸುವುದು ಸಹಜ. ಆದರೆ ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂದು ಕಲಿಯಬೇಕಿದ್ದರೆ ನಾವು ಮೊದಲು ಹೇಳುವ ಹೆಸರು ಇದೇ. 2008ರಿಂದ ಇರುವ ಉಚಿತ ಫ್ರೇಮ್‌ವರ್ಕ್. ಗೇಮನ್ನು ಮಾರಿದರೂ ಶುಲ್ಕವಿಲ್ಲ. 2024ರಲ್ಲಿ ಬಂದ ಇಸ್ಪೀಟಿನ ಗೇಮ್ ಬಲಾಟ್ರೊ ಇದರಲ್ಲೇ ಮಾಡಿದ್ದು.

ತಿಳಿಯಬೇಕಾದ ಫಂಕ್ಷನ್‌ಗಳು ಮೂರು. ಲೋಡ್ ಒಮ್ಮೆ ಮಾತ್ರ ಓಡುತ್ತದೆ; ಅಪ್‌ಡೇಟ್ ಮತ್ತು ಡ್ರಾ ಪ್ರತಿ ಫ್ರೇಮಿಗೂ, ಅಂದರೆ ತೆರೆಯ ಚಿತ್ರ ಹೊಸದಾಗುವ ಪ್ರತಿ ಸಲವೂ. ಚಿತ್ರ, ಫಾಂಟ್, ಸೌಂಡ್ ಎಲ್ಲವನ್ನೂ ಲೋಡ್‌ನಲ್ಲೇ ತೆರೆದಿಡಿ. ಚಿತ್ರ ತೆರೆಯುವ ನ್ಯೂಇಮೇಜ್ ಕರೆಯನ್ನು ಡ್ರಾ ಒಳಗೆ ಬರೆದರೆ ಪ್ರತಿ ಫ್ರೇಮಿಗೂ ಫೈಲ್ ಮತ್ತೆ ಓದಿ, ಮೆಮೊರಿ ಏರುತ್ತಾ ಹೋಗಿ ಗೇಮ್ ತೆವಳುತ್ತದೆ. ಹಳೆಯ ಪಾಠಗಳನ್ನು ನೋಡಿ ಬರೆಯುವಾಗ ಇನ್ನೊಂದು ಎಚ್ಚರ: 11ನೇ ಆವೃತ್ತಿಯಿಂದ ಬಣ್ಣದ ಅಳತೆ 0ರಿಂದ 1. ಅಲ್ಲಿದ್ದ 255, 128 ಹಾಗೇ ಹಾಕಿದರೆ ಎಲ್ಲವೂ ಬಿಳಿಯಾಗಿ ಕಾಣುತ್ತದೆ.

ನಿಜವಾದ ಕಸರತ್ತು ಅಪ್‌ಡೇಟ್‌ನಲ್ಲಿದೆ. ಅದಕ್ಕೆ ಸಿಗುವ ಡಿಟಿ ಅಂದರೆ ಹಿಂದಿನ ಫ್ರೇಮಿನಿಂದ ಕಳೆದ ಸಮಯ, ಸೆಕೆಂಡಿನಲ್ಲಿ. ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 900 ಪಿಕ್ಸೆಲ್, ಜಿಗಿತದ ವೇಗ ಮೇಲ್ಮುಖವಾಗಿ 360 ಎಂದಿಟ್ಟರೆ ಪಾತ್ರ ಸುಮಾರು 72 ಪಿಕ್ಸೆಲ್ ಏರುತ್ತದೆ, ಅಂದರೆ 16 ಪಿಕ್ಸೆಲ್ಲಿನ ನಾಲ್ಕೂವರೆ ಟೈಲ್ (ನೆಲ, ಗೋಡೆ ಕಟ್ಟುವ ಚೌಕ ತುಂಡು). ಆದರೆ ವಿಂಡೋಸ್‌ನಲ್ಲಿ ಆಟಗಾರ ಕಿಟಕಿಯನ್ನು ಮೌಸ್‌ನಿಂದ ಎಳೆದಾಗ ಲೂಪ್ ನಿಂತುಬಿಡುತ್ತದೆ. ಬಿಟ್ಟ ಕೂಡಲೇ ದೊಡ್ಡ ಡಿಟಿ ಒಟ್ಟಿಗೆ ಬರುತ್ತದೆ. ಸೆಕೆಂಡಿಗೆ 600 ಪಿಕ್ಸೆಲ್ ವೇಗದಲ್ಲಿ ಬೀಳುವ ಪಾತ್ರ 0.1 ಸೆಕೆಂಡಿನ ಒಂದೇ ಹೆಜ್ಜೆಯಲ್ಲಿ 60 ಪಿಕ್ಸೆಲ್ ಸರಿದು ನೆಲವನ್ನೇ ದಾಟಿ ಹೋಗುತ್ತದೆ. ಡಿಟಿಯನ್ನು ಒಂದು ವೇರಿಯಬಲ್‌ನಲ್ಲಿ ಕೂಡಿಸಿಟ್ಟು, 1/60 ಸೆಕೆಂಡಿನ ಸಮ ಹೆಜ್ಜೆಗಳಾಗಿ ಖರ್ಚು ಮಾಡುವುದೇ ಸರಿಯಾದ ದಾರಿ. ಕೂಡಿಸುವ ಮೊದಲು ಡಿಟಿಗೆ 0.25 ಸೆಕೆಂಡಿನ ಮಿತಿ ಹಾಕಿ. ಇಲ್ಲದಿದ್ದರೆ ನಿಧಾನದ ಯಂತ್ರದಲ್ಲಿ ಬಾಕಿ ಹೆಜ್ಜೆಗಳು ಮುಗಿಯುವುದೇ ಇಲ್ಲ.

ಡಿಕ್ಕಿ ಪರೀಕ್ಷೆಯನ್ನು ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಮಾಡಿ: ಮೊದಲು ಎಕ್ಸ್ ಸರಿಸಿ, ತಾಗಿದರೆ ಹಿಂದೆ ತಳ್ಳಿ, ಆಮೇಲೆ ವೈ. ಎರಡನ್ನೂ ಒಟ್ಟಿಗೆ ಮಾಡಿದರೆ ಪಾತ್ರ ಟೈಲುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಲವ್ ಜೊತೆಗೇ ಬರುವ ಬಾಕ್ಸ್2ಡಿ ಎಂಬ ಫಿಸಿಕ್ಸ್ ಲೈಬ್ರರಿ ಉರುಳುವ ಚೆಂಡಿಗೆ, ಬೀಳುವ ಪೆಟ್ಟಿಗೆಗಳಿಗೆ ಬಹಳ ಚೆನ್ನ. ಪ್ಲಾಟ್‌ಫಾರ್ಮರ್ (ಓಡಿ ಜಿಗಿದು ಸಾಗುವ ಗೇಮ್) ನಾಯಕನಿಗೆ ಅದನ್ನು ಬಳಸಬೇಡಿ ಎಂದೇ ನಮ್ಮ ಸಲಹೆ. ಸಾಲಾಗಿ ಜೋಡಿಸಿದ ಚೌಕಗಳ ಮೇಲೆ ಓಡುವಾಗ ಕಾಣದ ಅಂಚಿಗೆ ಎಡವುತ್ತಾನೆ. ಬಳಸಲೇಬೇಕಿದ್ದರೆ ನೆಲವನ್ನು ಚೌಕಗಳಿಂದಲ್ಲ, ಒಂದೇ ಚೈನ್ ಶೇಪ್‌ನಿಂದ (ಒಂದಕ್ಕೊಂದು ಕೂಡಿಕೊಂಡ ಗೆರೆಗಳ ಸಾಲು) ಮಾಡಿ.

ಪಿಕ್ಸೆಲ್ ಆರ್ಟ್‌ಗೆ 320x180 ಪಿಕ್ಸೆಲ್ಲಿನ ಕ್ಯಾನ್ವಾಸ್ (ತೆರೆಗೆ ಹೋಗುವ ಮೊದಲು ಚಿತ್ರ ಬರೆಯುವ ಹಾಳೆ) ಮೇಲೆ ಬರೆದು, 4 ಪಟ್ಟು ಹಿಗ್ಗಿಸಿದರೆ 1280x720, 6 ಪಟ್ಟು ಹಿಗ್ಗಿಸಿದರೆ 1920x1080. ಚಿತ್ರಗಳನ್ನು ತೆರೆಯುವ ಮೊದಲೇ ಹಿಗ್ಗಿಸುವ ರೀತಿಯನ್ನು ನಿರ್ಧರಿಸುವ ಡಿಫಾಲ್ಟ್ ಫಿಲ್ಟರನ್ನು ನಿಯರೆಸ್ಟ್ ಮಾಡಿ, ಇಲ್ಲವಾದರೆ ಮಸುಕು. ಟೈಲುಗಳ ನಡುವೆ ತೆಳ್ಳನೆ ಗೆರೆ ಮಿನುಗಿದರೆ ಸಾಮಾನ್ಯವಾಗಿ ಕ್ಯಾಮೆರಾ ಅರ್ಧಂಬರ್ಧ ಪಿಕ್ಸೆಲ್ ಮೇಲೆ ನಿಂತಿದೆ ಎಂದು ಅರ್ಥ. ಅದರ ಸ್ಥಾನವನ್ನು ಪೂರ್ಣಾಂಕಕ್ಕೆ ಇಳಿಸಿ. ಇದೂ ಸಾಲದಿದ್ದರೆ ಟೈಲುಗಳನ್ನೆಲ್ಲ ಜೋಡಿಸಿಟ್ಟ ಚಿತ್ರದ ಶೀಟಿನಲ್ಲಿ ಪ್ರತಿ ಟೈಲಿನ ಅಂಚಿನ ಬಣ್ಣವನ್ನೇ ಸುತ್ತಲೂ 1 ಪಿಕ್ಸೆಲ್ ಹೊರಕ್ಕೆ ಚಾಚಿ.

ಲುವಾ ಭಾಷೆ ಕಲಿಯಲು ಸುಲಭ. ಪಟ್ಟಿ 1ರಿಂದ ಎಣಿಕೆಯಾಗುವುದು ಬೇಗ ರೂಢಿಯಾಗುತ್ತದೆ. ಗೇಮಿನಲ್ಲಿ ಹಾರಿಸಿದ ಗುಂಡುಗಳನ್ನು ಪಟ್ಟಿಯಿಂದ ತೆಗೆಯುವಾಗ ಮಾತ್ರ ಕೊನೆಯಿಂದ ಹಿಂದಕ್ಕೆ ಓಡಿ. ಮುಂದಕ್ಕೆ ಓಡುತ್ತಾ ತೆಗೆದರೆ ಪಕ್ಕದ ಗುಂಡು ಆ ಸುತ್ತಿನಲ್ಲಿ ತಪ್ಪಿಹೋಗುತ್ತದೆ.

ಬೇಸರದ ಸಂಗತಿಯೊಂದಿದೆ. 11ನೇ ಆವೃತ್ತಿಯ ಅಕ್ಷರ ಮೂಡಿಸುವ ವ್ಯವಸ್ಥೆಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಕನ್ನಡ ಫಾಂಟ್ ಕೊಟ್ಟರೂ 'ಅಕ್ಕ' ಎಂಬುದು 'ಅಕ್‌ಕ' ಎಂದು ಒಡೆದು ಕಾಣುತ್ತದೆ. ಮೆನು, ಶೀರ್ಷಿಕೆಗಳನ್ನು ಹೊರಗೆ ಪಿಎನ್‌ಜಿ ಚಿತ್ರಗಳಾಗಿ ಮಾಡಿಟ್ಟು ತೋರಿಸಬಹುದು. ಮಾತುಕತೆಯೇ ತುಂಬಿದ ಕನ್ನಡ ಗೇಮಿಗೆ ಈ ಆವೃತ್ತಿಯನ್ನು ನಾವು ಶಿಫಾರಸು ಮಾಡುವುದಿಲ್ಲ. ಬ್ರೌಸರ್‌ನಲ್ಲಿ ಓಡಿಸಲು ಅಧಿಕೃತ ವ್ಯವಸ್ಥೆಯೂ ಇಲ್ಲ.

ಹಂಚುವುದು ಸರಳ: ಫೈಲುಗಳನ್ನು ಜಿಪ್ ಮಾಡಿ, ಎಕ್ಸ್‌ಟೆನ್ಷನ್ 'ಲವ್' (.love) ಎಂದು ಬದಲಿಸಿ. ಫೋಲ್ಡರನ್ನೇ ಜಿಪ್ ಮಾಡಿದರೆ ಮೇನ್.ಲುವಾ ಒಂದು ಹಂತ ಒಳಗೆ ಸೇರಿ ಗೇಮ್ ತೆರೆಯುವುದಿಲ್ಲ. ಒಳಗಿನ ಫೈಲುಗಳನ್ನು ಆಯ್ದು ಜಿಪ್ ಮಾಡಬೇಕು. ಇಂಗ್ಲಿಷ್ ಫೈಲ್ ಹೆಸರುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ವಿಂಡೋಸ್ ಫೋಲ್ಡರ್‌ನಲ್ಲಿ ನಡೆದುಹೋಗುತ್ತದೆ, ಜಿಪ್‌ನೊಳಗೆ ನಡೆಯುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲಿಡಿ, ಇನ್ನೊಬ್ಬರಿಗೆ ಕಳಿಸುವ ಮೊದಲು ಆ ಲವ್ ಫೈಲನ್ನೇ ತೆರೆದು ಆಡಿ ನೋಡಿ.