ಮೂವತ್ತು ಕುದುರೆ ಹೆಚ್ಚಿಸಲು ಹೋಗಿ ಎಂಜಿನ್ ಬಿಚ್ಚಿಸಿದ ಕಥೆ

ಟರ್ಬೊ ಕಾರಿನ ಏರ್ ಫಿಲ್ಟರ್ ಬದಲಿಸಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಲು, ಅಂದರೆ ಅದರ ಫೈಲ್ ಬದಲಿಸಿ ಶಕ್ತಿ ಹೆಚ್ಚಿಸಲು, ಮುಂಗಡ ಕೊಟ್ಟವರು ಯಾರಾದರೂ ಇದ್ದರೆ, ಉಳಿದ ಹಣ ಕೊಡುವ ಮೊದಲು ಇದನ್ನು ಓದಿ.

ನನ್ನದು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು. ಕಂಪನಿ ಕೊಟ್ಟದ್ದು 115 ಅಶ್ವಶಕ್ತಿ, 178 ನ್ಯೂಟನ್ ಮೀಟರ್ ಟಾರ್ಕ್. ಬದಿಯಡ್ಕದಿಂದ ಕಾಸರಗೋಡಿಗೆ ದಿನವೂ ಹೋಗಿ ಬರುವವನಿಗೆ ಧಾರಾಳ ಸಾಕು. ಆದರೆ 2022ರ ಕೊನೆಗೆ ಅತ್ತೆಯ ಮಗ ನನ್ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಒಮ್ಮೆ ಆಕ್ಸಿಲರೇಟರ್ ಒತ್ತಿ ತೋರಿಸಿದ. "ನಿಮ್ಮದಕ್ಕೂ ಮಾಡಿಸಿ ಭಾವ, ಒಂದು ಗಂಟೆಯ ಕೆಲಸ" ಎಂದ.

ವರ್ಕ್‌ಶಾಪಿನ ಹೆಸರು ಬರೆಯುವುದಿಲ್ಲ. ಅಲ್ಲಿ ಕಾರಿನ ಫಿಲ್ಟರ್ ಪೆಟ್ಟಿಗೆಯನ್ನು ಕಳಚಿ, ಎಣ್ಣೆ ಹಚ್ಚಿದ ಹತ್ತಿಯ ತೆರೆದ ಕೋನ್ ಫಿಲ್ಟರ್ ಕೂರಿಸಿದರು. ಕಾರಿನ ದೋಷ ಪರೀಕ್ಷಿಸಲು ಇರುವ ಒಬಿಡಿ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ 'ಸ್ಟೇಜ್ 1' ಫೈಲ್ ಹಾಕಿದರು. ಗೋಡೆಗೆ ಅಂಟಿಸಿದ್ದ ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಗ್ರಾಫ್ ತೋರಿಸಿ 145 ಅಶ್ವಶಕ್ತಿ, 230 ನ್ಯೂಟನ್ ಮೀಟರ್ ಎಂದರು. ಆ ಗ್ರಾಫ್ ಯಾವ ಕಾರಿನದು ಎಂದು ನಾನು ಕೇಳಲಿಲ್ಲ. ನನ್ನ ಕಾರನ್ನಂತೂ ಯಾವ ಡೈನೊ ಮೇಲೂ ಹತ್ತಿಸಿರಲಿಲ್ಲ. 52,000 ರೂಪಾಯಿ ಎಣಿಸಿ ಕೊಟ್ಟೆ.

ಎರಡು ತಿಂಗಳು ಸುಖವೋ ಸುಖ. ಟರ್ಬೊ ಉಸಿರೆಳೆಯುವ ಸದ್ದು ಕೇಳಲೆಂದೇ ಎಸಿ ಆರಿಸಿ, ಕಿಟಕಿ ಇಳಿಸಿ ಓಡಿಸುತ್ತಿದ್ದೆ. ನನ್ನ ವಯಸ್ಸಿನ ಬಗ್ಗೆ ಹೆಂಡತಿ ಆಡಿದ ಮಾತು ಇಲ್ಲಿ ಬೇಡ.

ಫೆಬ್ರುವರಿಯ ಒಂದು ಸಂಜೆ ಮುಳ್ಳೇರಿಯ ಕಡೆಗೆ ಏರು ಹತ್ತುತ್ತಿದ್ದೆ. ಐದನೇ ಗೇರು, 1,600 ಆರ್‌ಪಿಎಂ ಆಸುಪಾಸು. ಮುಂದೆ ಕಲ್ಲು ತುಂಬಿದ ಲಾರಿ. ಗೇರ್ ಇಳಿಸಲು ಸೋಮಾರಿತನವಾಗಿ ಪೆಡಲನ್ನೇ ಪೂರ್ತಿ ಒತ್ತಿದೆ. ಬಾನೆಟ್ಟಿನೊಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತೆ ಒಂದೇ ಒಂದು ಪೆಟ್ಟು ಕೇಳಿಸಿತು. ಆಮೇಲೆ ಕಾರು ಚಳಿಜ್ವರ ಬಂದವರ ಹಾಗೆ ನಡುಗಿತು, ಎಂಜಿನ್ ದೀಪ ಮಿಟುಕತೊಡಗಿತು.

ಕುಂಬಳೆಯ ಪರಿಚಯದ ಮೆಕ್ಯಾನಿಕ್ ಕಂಪ್ರೆಷನ್ ಪರೀಕ್ಷಿಸಿದರು. ಎರಡನೇ ಸಿಲಿಂಡರಿನಲ್ಲಿ ಒತ್ತಡವೇ ಇರಲಿಲ್ಲ. ಬಿಚ್ಚಿದಾಗ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚೇ ಮುರಿದಿತ್ತು. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ವೇಗದಲ್ಲಿ ಭಾರಿ ಟಾರ್ಕ್ ಎಳೆದರೆ, ಪ್ಲಗ್ಗಿನ ಕಿಡಿ ಹಾರುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಳ್ಳುವುದುಂಟು. ಇದಕ್ಕೆ ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರಿ-ಇಗ್ನಿಷನ್) ಎನ್ನುತ್ತಾರೆ. ಮಾಮೂಲಿ ನಾಕಿಂಗ್ (ಕಿಡಿ ಹಾರಿದ ಮೇಲೆ ಉಳಿದ ಇಂಧನ ತಾನಾಗಿ ಸಿಡಿಯುವುದು) ಆದರೆ ಸೆನ್ಸರ್ ಅದನ್ನು ಹಿಡಿದು ಕಿಡಿಯನ್ನು ತಡಮಾಡಿಸಿ ಎಂಜಿನ್ ಉಳಿಸುತ್ತದೆ. ಕಿಡಿಗೂ ಮೊದಲೇ ಹೊತ್ತಿದ ಬೆಂಕಿಗೆ ಕಿಡಿಯನ್ನು ತಡಮಾಡಿ ಏನು ಪ್ರಯೋಜನ? ಕೆಳಗಿನ ಆರ್‌ಪಿಎಂನಲ್ಲಿ ಕಂಪನಿ ಟಾರ್ಕನ್ನು ಬಿಗಿಹಿಡಿಯುವುದಕ್ಕೆ ಇದೂ ಒಂದು ಕಾರಣ. ನಾನು ದುಡ್ಡು ಕೊಟ್ಟು ಬಿಚ್ಚಿಸಿಕೊಂಡದ್ದು ಆ ಹಿಡಿತವನ್ನೇ.

ಮೆಕ್ಯಾನಿಕ್ ಅಷ್ಟಕ್ಕೆ ನಿಲ್ಲಿಸಲಿಲ್ಲ. ಹೆಗಲ ಮೇಲಿನ ಬೈರಾಸಿನ ತುದಿಯಿಂದ ಫಿಲ್ಟರಿನ ಹಿಂದಿನ ಕೊಳವೆಯ ಒಳಮೈ ಒರೆಸಿ ನನ್ನ ಮುಖದ ಮುಂದೆ ಹಿಡಿದರು. ಮುರಕಲ್ಲಿನ ಕೆಂಪು! ತಲಪಾಡಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 66ರ ಕಾಮಗಾರಿಯ ಧೂಳು ಕವಿದಿದ್ದ ಕಾಲ ಅದು. ಕಾಗದದ ಫಿಲ್ಟರ್ ತಡೆಯುತ್ತಿದ್ದ ನುಣ್ಣನೆಯ ಧೂಳು ಹತ್ತಿಯ ಎಡೆಯಿಂದಲೂ, ಸಡಿಲವಾಗಿ ಬಿಗಿದ ಕ್ಲಾಂಪಿನಿಂದಲೂ ನುಗ್ಗಿತ್ತು. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊ ಚಕ್ರಕ್ಕೆ ಆ ಧೂಳು ಮರಳುಕಾಗದವಿದ್ದಂತೆ. ರೆಕ್ಕೆಗಳ ಅಂಚು ಆಗಲೇ ಸವೆದಿತ್ತು. ಇಷ್ಟೆಲ್ಲ ಮಾಡಿ ಆ ಫಿಲ್ಟರ್ ಕೊಟ್ಟದ್ದು ಸದ್ದು ಮಾತ್ರ. ತೆರೆದಿಟ್ಟ ಫಿಲ್ಟರ್ ಎಂಜಿನ್ ಕೋಣೆಯ ಬಿಸಿಗಾಳಿಯನ್ನೇ ಕುಡಿಯುತ್ತದೆ ಎಂಬುದು ಆಮೇಲೆ ತಿಳಿಯಿತು.

ವರ್ಕ್‌ಶಾಪಿನವನಿಗೆ ಫೋನ್ ಮಾಡಿದೆ. "ಯಾವ ಪೆಟ್ರೋಲ್ ಹಾಕುತ್ತೀರಿ?" ಎಂಬುದೇ ಅವನ ಮೊದಲ ಪ್ರಶ್ನೆ. ಮಂಗಳೂರಿಗೆ ಹೋದಾಗಲೆಲ್ಲ ಗಡಿಯಾಚೆ ಅಗ್ಗವೆಂದು ಟ್ಯಾಂಕ್ ತುಂಬಿಸಿಕೊಂಡು ಬರುವವರು ನಾವು, ಅದೂ ಆಗಿನ ಸಾಮಾನ್ಯ 91 ಆಕ್ಟೇನಿನದು. ಆಕ್ಟೇನ್ ಎಂದರೆ ಪೆಟ್ರೋಲ್ ತಾನಾಗಿ ಸಿಡಿಯದೆ ತಡೆದುಕೊಳ್ಳುವುದರ ಅಳತೆ. ಫೈಲ್ ಬರೆದದ್ದು ಹೆಚ್ಚಿನ ಆಕ್ಟೇನಿಗಂತೆ. ಹಣ ಎಣಿಸಿಕೊಳ್ಳುವಾಗ ಈ ಮಾತು ಅವನಿಗೆ ನೆನಪಾಗಿರಲಿಲ್ಲ.

ಹಳೆಯ ಫೈಲನ್ನು ವಾಪಸ್ ಹಾಕಿಸಿ ಕಾರು ಕಂಪನಿಯವರಲ್ಲಿ ವಾರಂಟಿ ಕೇಳಿದೆ. ಇಸಿಯು ಎಷ್ಟು ಬಾರಿ ಬರೆಸಿಕೊಂಡಿದೆ ಎಂಬ ಲೆಕ್ಕ ಅದರೊಳಗೇ ಉಳಿದಿತ್ತು. ವಾರಂಟಿ ಸಿಗಲಿಲ್ಲ, ಅವರದು ತಪ್ಪೂ ಅಲ್ಲ. ಪಿಸ್ಟನ್, ಟರ್ಬೊ, ಕೂಲಿ ಸೇರಿ 1,85,000 ರೂಪಾಯಿ. ಕಾನೂನಿನ ಮಾತು ಬೇರೆಯೇ ಇದೆ: ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು.

ಇಷ್ಟಾದರೂ ಮಾಡಿಸಿಯೇ ತೀರುತ್ತೇನೆ ಎನ್ನುವವರು ಫೈಲ್ ಹಾಕುವ ಮೊದಲೂ ಹಾಕಿದ ಮೇಲೂ ನಿಮ್ಮದೇ ಕಾರಿನ ಲಾಗ್ (ಓಡುವಾಗಿನ ದಾಖಲೆ) ತೆಗೆದು ಕೊಡಲು ಹೇಳಿ: ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ನಾಕ್, ಒಳಗಾಳಿಯ ಉಷ್ಣತೆ. "ಅದೆಲ್ಲ ಬೇಡ, ನೂರಾರು ಕಾರಿಗೆ ಇದೇ ಫೈಲ್ ಹಾಕಿದ್ದೇವೆ" ಎಂದರೆ ಬೀಗದ ಕೈ ತೆಗೆದುಕೊಂಡು ಹೊರಡಿ.

ಹಳೆಯ ಫಿಲ್ಟರ್ ಪೆಟ್ಟಿಗೆಯನ್ನು ಅಟ್ಟದಲ್ಲಿ ಅಡಿಕೆ ಗೋಣಿಯ ಪಕ್ಕ ಎತ್ತಿಟ್ಟಿದ್ದೆ. ಈಗ ಅದೇ ಕಾರಿನಲ್ಲಿದೆ. ಅತ್ತೆಯ ಮಗನ ಕಾರು ಇನ್ನೂ ಓಡುತ್ತಿದೆ. ಫಿಲ್ಟರಿನ ಹಿಂದಿನ ಕೊಳವೆಯನ್ನು ಒಮ್ಮೆ ಒರೆಸಿ ನೋಡೋಣ ಎಂದರೆ ಬಾನೆಟ್ ತೆರೆಯಲು ಅವನು ಬಿಡುತ್ತಿಲ್ಲ.